ಪೀರಬಿಯ ಚೀಟಿ

“ನಿಮ್ಮ ಅಕ್ಷರ ತುಂಬಾ ಚೆನ್ನಾಗಿದೆ ದೇವೀಂದ್ರಪ್ಪ. ಎಲ್ಲಿ ನೋಡಿದ್ರೂ ಗುರುತು ಹಿಡೀಬಹುದು” ಎಂದು ಹೊಸ ಮ್ಯಾನೇಜರು ಅನುಜಾ ಅಂದದ್ದು ಗುರುವಾರ ಸಂಜೆ. ಶನಿವಾರ ಬೆಳಗಾದರೂ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯಂತೆ ದೇವೀಂದ್ರಪ್ಪನ ನಾಲಗೆಗೆ ತಾಕುತ್ತಲೇ ಇತ್ತು. ಹೊಗಳಿದ್ದೋ, ಎಚ್ಚರಿಕೆ ಕೊಟ್ಟದ್ದೋ? ಹೇಳುವಾಗ ಆಕೆ ನಕ್ಕಿದ್ದಳು. ಆದರೆ ಆಕೆ ಎಲ್ಲದಕ್ಕೂ ನಗುವವಳು, ಲಾರಿ ಕೆಟ್ಟು ನಿಂತ ಸುದ್ದಿಗೂ ಮೊದಲು ನಕ್ಕು ಆಮೇಲೆ ವಿಚಾರಿಸುವವಳು. ಆ ನಗುವಿನಿಂದ ಏನನ್ನೂ ತಿಳಿಯುವಂತಿರಲಿಲ್ಲ. ನಕ್ಕಾದ ಮೇಲೆ ಮೇಜಿನ ಖಾನೆಯಿಂದ ಸಣ್ಣ ಚಾವಿಯೊಂದನ್ನು ತೆಗೆದು, “ಚೀಟಿ ಪೆಟ್ಟಿಗೆಯ ಚಾವಿ ನಿಮ್ಮ ಹತ್ರ ಇರ್ಲಿ. ಶನಿವಾರ ಎಲ್ಲರ ಎದುರಿಗೆ ನೀವೇ ತೆಗೀಬೇಕು. ನನಗೆ ನಿಮ್ಮ ಮೇಲೆ ನಂಬಿಕೆ ಇದೆ” ಎಂದು ಅವನ ಅಂಗೈಯಲ್ಲಿಟ್ಟಿದ್ದಳು. ಅರವತ್ತು ಜನ ದುಡಿಯುವ ಕಾರ್ಖಾನೆಯಲ್ಲಿ ನನ್ನ ಕೈಯಲ್ಲೇ ಯಾಕೆ? ಅಕ್ಷರದ ಮಾತು ಆಡಿದ ಮರುಗಳಿಗೆಗೇ ಯಾಕೆ? ಬಚ್ಚಲ ಕಲ್ಲಿನ ಮೇಲೆ ಕೂತು ತಲೆಗೆ ನೀರು ಸುರುವಿಕೊಳ್ಳುವಾಗಲೂ ಅವನು ಆ ಎರಡು ಮಾತುಗಳ ನಡುವೆ ಎಷ್ಟು ಹೊತ್ತು ಹೋಗಿತ್ತು ಎಂಬುದನ್ನೇ ಅಳೆಯುತ್ತಿದ್ದ.

ಆಕೆ ಮೈಸೂರಿನ ಕಡೆಯಿಂದ ಆಳಂದಕ್ಕೆ ಬಂದು ಮೂರು ತಿಂಗಳಾಗಿತ್ತು. ತೊಗರಿ ಬೆಳೆಗಾರರ ಸಂಘದ ಬೇಳೆ ಕಾರ್ಖಾನೆಗೆ ಮ್ಯಾನೇಜರುಗಳು ಬರುತ್ತಾರೆ, ಬಿಸಿಲು ತಡೆಯದೆ ಹೋಗುತ್ತಾರೆ, ಈಕೆ ಹೋಗಲಿಲ್ಲ. ಮೊದಲ ವಾರವೇ ಆಫೀಸಿನ ಗೋಡೆಯ ಹಳೆಯ ಕ್ಯಾಲೆಂಡರುಗಳನ್ನೆಲ್ಲ ತೆಗೆಸಿ ‘ನಂಬಿಕೆ, ಗೌರವ, ಮುಕ್ತತೆ’ ಎಂದು ಬರೆದ ಫ್ಲೆಕ್ಸ್ ಕಟ್ಟಿಸಿದಳು. ಸಂಸ್ಥೆಯ ಸಂಸ್ಕೃತಿ ಬದಲಾಗಬೇಕು, ಇಲ್ಲಿ ಯಾರೂ ಸಾಹೇಬರಲ್ಲ, ನನ್ನನ್ನೂ ಅನುಜಾ ಎಂದೇ ಕರೆಯಿರಿ ಅಂದಳು. ಹಾಗೆ ಕರೆಯಲು ಯಾರ ನಾಲಗೆಯೂ ಹೊರಳಲಿಲ್ಲ. ಮೇಡಂ ಅಂದರೆ ಆಕೆ ಮುಖ ಸಣ್ಣದು ಮಾಡುತ್ತಿದ್ದಳು. ಕೊನೆಗೆ ಜನ ಆಕೆಯನ್ನು ಕರೆಯುವುದನ್ನೇ ಬಿಟ್ಟು ಬಾಗಿಲಲ್ಲಿ ನಿಂತು ಕೆಮ್ಮತೊಡಗಿದರು. ಕೆಮ್ಮು ಜಾಸ್ತಿಯಾಯಿತೆಂದು ಆಕೆ ಒಬ್ಬ ಡಾಕ್ಟರನ್ನೂ ಕರೆಸಿದಳು. ಆಮೇಲೆ ಬಂದದ್ದು ಪೆಟ್ಟಿಗೆ. ನೀಲಿ ಬಣ್ಣ ಬಳಿದ ಕಟ್ಟಿಗೆಯ ಪೆಟ್ಟಿಗೆ, ಮೇಲೆ ಸೀಳು, ಮುಂದೆ ಸಣ್ಣ ಬೀಗ. ಮನಸ್ಸಿನಲ್ಲಿ ಇದ್ದದ್ದನ್ನು ಚೀಟಿಯಲ್ಲಿ ಬರೆದು ಹಾಕಿ, ಹೆಸರು ಬರೆಯಬೇಡಿ, ಯಾರು ಬರೆದದ್ದೆಂದು ನಾನು ಕೇಳುವುದೂ ಇಲ್ಲ ಎಂದಳು. ಕೇಳುವುದಿಲ್ಲ ಅಂದರೆ ಬೇರೆ ದಾರಿಯಲ್ಲಿ ತಿಳಿದುಕೊಳ್ಳುತ್ತಾರೆ ಎಂದೇ ದೇವೀಂದ್ರಪ್ಪನಿಗೆ ಅನ್ನಿಸಿತ್ತು. ಏಳು ವರ್ಷದ ಹಿಂದೆ ಒಬ್ಬ ಡೈರೆಕ್ಟರು ಇದೇ ಅಂಗಳದಲ್ಲಿ ನಿಂತು, ಏನಿದ್ದರೂ ಬಾಯಿಬಿಟ್ಟು ಹೇಳ್ರಿ, ನಾವೆಲ್ಲಾ ಒಂದೇ ಮನೆಯವರು ಅಂದಾಗ ತೂಕ ಮಾಡುವ ಅಮೀರ ಎದ್ದು ಇದ್ದದ್ದನ್ನು ಹೇಳಿದ್ದ. ಹದಿನೈದು ದಿನಕ್ಕೆ ಅವನಿಗೆ ಜೇವರ್ಗಿ ಆಚೆಗಿನ ಅಂದೋಲಾದ ಗೋದಾಮಿಗೆ ವರ್ಗವಾಯಿತು. ಮನೆಯಿಂದ ಮೂರು ಬಸ್ಸಿನ ದಾರಿ. ಈಗಲೂ ಹಬ್ಬಕ್ಕೆ ಬರುತ್ತಾನೆ. ಯಾವುದರ ಬಗ್ಗೆಯೂ ಏನೂ ಹೇಳುವುದಿಲ್ಲ, ಪಲ್ಯಕ್ಕೆ ಉಪ್ಪು ಬೀಳದಿದ್ದರೂ ಸುಮ್ಮನೆ ಉಂಡು ಏಳುತ್ತಾನೆ.

ಇಷ್ಟು ತಿಳಿದ ಮೇಲೂ ದೇವೀಂದ್ರಪ್ಪ ಮೂರು ಚೀಟಿ ಬರೆದಿದ್ದ. ತನ್ನದಲ್ಲ, ಬರೆಯಲು ಬಾರದವರದು. ತನ್ನದೆಂದು ಬರೆಯುವಂಥದ್ದು ಅವನಲ್ಲಿ ಏನೂ ಇರಲಿಲ್ಲ, ಅಥವಾ ಇದ್ದದ್ದನ್ನು ಅವನು ಇಪ್ಪತ್ತೆರಡು ವರ್ಷಗಳಿಂದ ಹುಡುಕಿಕೊಂಡಿರಲಿಲ್ಲ. ಸೋಮವಾರ ಕಸ ಗುಡಿಸುವ ಹಣಮವ್ವ ಬಂದಳು. “ಯಪ್ಪಾ ದೇವಪ್ಪ, ನಂದೊಂದು ಬರೀ. ಎಲ್ಲಾರಿಗೂ ಗಾಜಿನ ಗಿಲಾಸಿನ್ಯಾಗ ಚಾ, ನನಗೊಬ್ಬಾಕಿಗೆ ಕಾಗದದ ಕಪ್ಪಿನ್ಯಾಗ. ನಾ ಮುಟ್ಟಿದ ಗಿಲಾಸ ತೊಳದ್ರ ಹೋಗಂಗಿಲ್ಲೇನು?” ಮಂಗಳವಾರ ಡ್ರೈವರ್ ಇಸ್ಮಾಯಿಲ. “ಅಮಾಸಿಗೊಮ್ಮೆ ಡೈರೆಕ್ಟರ ಮನಿ ಮಂದೀನ ಜಿಡಗಾ ಮಠಕ್ಕ ಕರ್ಕೊಂಡು ಹೋಗು ಅಂತಾರ, ಹೋಗ್ತೇನಿ, ನನಗೂ ಪುಣ್ಯ ಬರ್ಲಿ. ಆದ್ರ ಈದ್ ಹಬ್ಬದ ದಿನಾನೂ ಗಾಡಿ ತಗೀ ಅಂದ್ರ ಹ್ಯಾಂಗಣ್ಣಾ?” ಬುಧವಾರ ಮಧ್ಯಾಹ್ನ ಹೊಟ್ಟಿನ ರಾಶಿಯ ಹಿಂದೆ, ಬೇಳೆ ಆರಿಸುವ ಪೀರಬಿ. ಅವಳು ಬಂದು ಸೆರಗಿಗೆ ಅಂಟಿದ ಹೊಟ್ಟು ಬಿಡಿಸುತ್ತ ಕೂತಳು. ಆಮೇಲೆ ಬೇಳೆಯಲ್ಲಿನ ಕಲ್ಲು ಆರಿಸಿದ ಹಾಗೆ ಒಂದೊಂದೇ ಮಾತು ತೆಗೆದಿಟ್ಟಳು. “ನಮ್ಮ ಪಾಯಖಾನಿ ಚಾವಿ ವ್ಯಂಕಟೇಶ ಸಾಹೇಬ್ರ ಖಾನ್ಯಾಗ ಇರ್ತದ. ಕೇಳಾಕ ಹೋದ್ರ ಗಡಿಯಾರ ನೋಡ್ತಾರ. ಈಗರೇ ಹೋಗಿದ್ದೆಲ್ಲಾ ಅಂತಾರ, ಎಲ್ಲಾರ ಮುಂದ. ಅದೂ ಹೋಗ್ಲಿ. ಚಾವಿ ಕೊಡುಮುಂದ ಕೈ ಹಿಡೀತಾರ. ಬಿಡಂಗಿಲ್ಲ. ನಗ್ತಾರ. ನಾ ಮುಂಜಾನಿಂದ ನೀರು ಕುಡ್ಯಾದ ಬಿಟ್ಟೇನಿ ಅಣ್ಣಾ. ಇಷ್ಟು ಬರೀರಿ.” ಪೆನ್ನು ಹಿಡಿದವನು, “ಎಲ್ಲಾ ಹೆಣ್ಮಕ್ಕಳಿಗೂ ಹಿಂಗs ಮಾಡ್ತಾರೇನು?” ಎಂದು ಕೇಳಿದ್ದ. “ನಾ ನನ್ನ ಕೈ ಮಾತು ಹೇಳಾಕತ್ತೇನಿ. ಉಳಿದವರ ಕೈ ಮಾತು ಉಳಿದವರು ಹೇಳ್ತಾರ” ಎಂದಿದ್ದಳು ಪೀರಬಿ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಟ್ಟಿದ್ದ. ಮೂವರೂ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಯಾರೂ ನೋಡದಾಗ ಪೆಟ್ಟಿಗೆಗೆ ಹಾಕಿದ್ದರು. ಹೆಸರಿಲ್ಲದ ಚೀಟಿಗೂ ಬರೆದವನ ಕೈ ಅಂಟಿಕೊಂಡಿರುತ್ತದೆ ಎಂಬುದು ಅವರಿಗಿರಲಿ, ಅವನಿಗೂ ಹೊಳೆದಿರಲಿಲ್ಲ, ಗುರುವಾರ ಸಂಜೆಯವರೆಗೆ.

“ನೀರು ಆರಿ ಹೋದ್ವು, ಇನ್ನೂ ಬಚ್ಚಲದಾಗ ಏನ್ ಮಾಡಾಕತ್ತೀರಿ? ಸೂಪರ್‌ವೈಜರ ಆಗೂದಕ್ಕ ಈಗಿಂದs ತಯಾರಿ ಏನು?” ಎಂದು ಒಲೆಯ ಮುಂದಿನಿಂದ ರಮಾಬಾಯಿ ಕೂಗಿದಳು. ಅವಳ ಚೇಷ್ಟೆಯಲ್ಲಿ ಹೆಮ್ಮೆಯಿತ್ತು. ಗಂಡ ಗೋದಾಮಿನ ಸೂಪರ್‌ವೈಜರ್ ಆಗುವ ಸುದ್ದಿಯನ್ನು ಅವಳು ಭೀಮನಗರದ ಅರ್ಧ ಓಣಿಗೆ ಆಗಲೇ ಹಂಚಿಬಿಟ್ಟಿದ್ದಳು. ಓಣಿಯಿಂದ ಯಾರೂ ಆ ಕುರ್ಚಿಯಲ್ಲಿ ಕೂತವರಿರಲಿಲ್ಲ. “ಆರ್ಡರ್ ಖರೇನs ಸೋಮವಾರ ಬರ್ತದಲ್ಲ?” ಎಂದು ರೊಟ್ಟಿ ಹಾಕುತ್ತ ಕೇಳಿದಳು. “ಕಾಗದ ವ್ಯಂಕಟೇಶ ಸಾಹೇಬ್ರ ಹಂತ್ಯಾಕ ಅದ. ಅವರು ಸಹಿ ಮಾಡಿ ಮುಂದ ಕಳಸ್ಬೇಕು.” “ಹಂಗಾದ್ರ ಆತು ಬಿಡ್ರಿ. ನಮ್ಮ ಮನ್ಯಾಗ ಉಂಡ ಮನುಷ್ಯಾ ಅಂವ” ಎಂದು ಅವಳು ನಿಶ್ಚಿಂತೆಯಿಂದ ಮತ್ತೊಂದು ಹಿಟ್ಟಿನ ಉಂಡೆ ಹಿಡಿದಳು. ದೇವೀಂದ್ರಪ್ಪ ತಾಟಿನಲ್ಲಿನ ರೊಟ್ಟಿ ಮುರಿದ. ಹತ್ತು ವರ್ಷದ ಹಿಂದೆ ಈ ಮನೆ ಕಟ್ಟಿಸಿ ಊಟಕ್ಕೆ ಕರೆದಾಗ, ಬರುತ್ತೇವೆಂದ ಆಫೀಸಿನ ಹನ್ನೊಂದು ಜನರಲ್ಲಿ ಬಂದವರು ಹೆಡ್ ಗುಮಾಸ್ತರಾದ ವ್ಯಂಕಟೇಶ ಸಾಹೇಬರೊಬ್ಬರೇ. ಬುದ್ಧನ ಮತ್ತು ಬಾಬಾಸಾಹೇಬರ ಫೋಟೊಗಳ ಕೆಳಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ರೊಟ್ಟಿ ಉಂಡು, “ಪುಂಡಿಪಲ್ಯ ಇನ್ನಷ್ಟು ಹಾಕವ್ವಾ” ಎಂದು ಬಾಯಿಬಿಟ್ಟು ಕೇಳಿದ್ದರು. ಕಿಟಕಿಯಲ್ಲಿ ಓಣಿಯ ಮಕ್ಕಳು ಮುಖ ಚಾಚಿ ನೋಡಿದ್ದವು. ಅವನ ತಾಯಿ ಮಾಣಿಕಮ್ಮ ಸರಸಂಬಾದ ಹೊಲಗಳಲ್ಲಿ ಬೊಗಸೆಗೆ ಮೇಲಿನಿಂದ ನೀರು ಸುರಿಸಿಕೊಂಡು ಕುಡಿದವಳು, ಆ ದಿನ ಸಾಹೇಬರು ಕೈ ತೊಳೆದ ತಾಟನ್ನು ಎತ್ತಿಕೊಂಡು ಹೋಗುವಾಗ ಬಾಗಿಲಿಗೆ ಹಣೆ ಬಡಿಸಿಕೊಂಡಿದ್ದಳು. ಉಂಡವರು ಅವರು; ಆದರೆ ಆ ಊಟದ ಋಣ ಬಿದ್ದದ್ದು ಮಾತ್ರ ಉಣಿಸಿದವನ ಮೇಲೆ. ಅದು ಹೇಗಾಯಿತು ಎಂದು ಅವನಿಗೆ ಇವತ್ತಿಗೂ ತಿಳಿದಿರಲಿಲ್ಲ.

ಅಫಜಲಪುರದ ರಸ್ತೆಗೆ ಗಾಡಿ ತಿರುಗಿಸುವಾಗ ಅವನು ನಿಶ್ಚಯ ಮಾಡಿಯಾಗಿತ್ತು: ಅಕ್ಷರ ಮಾತ್ರ ಬದಲಿಸುವುದು. ಮಾತು ಅವರದೇ ಇರಲಿ. ಎಂಟಕ್ಕೆ ಕಾರ್ಖಾನೆಯಲ್ಲಿ ಕಾವಲುಗಾರನ ಹೊರತು ಯಾರೂ ಇರಲಿಲ್ಲ. ಕಾವಲುಗಾರನೂ ನಲ್ಲಿಯ ಬುಡದಲ್ಲಿ ಹಲ್ಲುಜ್ಜುತ್ತಿದ್ದ. ಆಫೀಸಿನ ಫ್ಲೆಕ್ಸಿನ ಕೆಳಗೆ ನೀಲಿ ಪೆಟ್ಟಿಗೆ ಕೂತಿತ್ತು. ಬೀಗ ತೆಗೆಯುವಾಗ, ಇದನ್ನು ಯಾರಾದರೂ ನೋಡಲೆಂದೇ ನನಗೆ ಚಾವಿ ಕೊಟ್ಟಿರಬಹುದೇ ಎಂಬ ಅನುಮಾನ ಬಂದು ಸೂರಿನ ಮೂಲೆಗಳನ್ನೆಲ್ಲ ಹುಡುಕಿದ. ಕ್ಯಾಮೆರಾ ಇರಲಿಲ್ಲ. ಕ್ಯಾಮೆರಾ ಇಲ್ಲದ್ದೂ ಅನುಮಾನಕ್ಕೇ ಕಾರಣವಾಯಿತು. ಒಳಗೆ ಆರು ಚೀಟಿಗಳಿದ್ದವು, ಜೊತೆಗೆ ಒಂದು ಗುಟ್ಕಾ ಪೊಟ್ಟಣ. ಎರಡರಲ್ಲಿ ಫ್ಯಾನು ಬೇಕೆಂದು ಪೆನ್ಸಿಲ್ಲಿನಲ್ಲಿ ಗೀಚಿತ್ತು. ಒಂದು ಬರೀ ಖಾಲಿ, ಆದರೂ ಎಲ್ಲಕ್ಕಿಂತ ಜೋಪಾನವಾಗಿ ಮಡಿಸಿದ್ದು. ಉಳಿದ ಮೂರನ್ನು ಬಿಚ್ಚಿದಾಗ, ಕನ್ನಡಿ ಇಲ್ಲದ ಕಡೆ ತನ್ನ ಮುಖ ಕಂಡವನ ಹಾಗೆ ಬೆಚ್ಚಿದ. ಅದೇ ಬಾಲ ಎಳೆದ ದೀರ್ಘಗಳು, ಅದೇ ದುಂಡನೆಯ ಳಕಾರ. ಈ ಅಕ್ಷರವೇ ಅವನನ್ನು ಲಾರಿಯ ಅಂಗಳದಿಂದ ಒಳಗೆ ತಂದದ್ದು. ಹಮಾಲನಾಗಿ ಚೀಲ ಹೊರುತ್ತಿದ್ದವನು ಒಂದು ದಿನ, ಗುರುತು ಬರೆಯುವವನು ಬಾರದಿದ್ದಾಗ, ಕುಂಚ ಎತ್ತಿಕೊಂಡು ನೂರು ಚೀಲದ ಮೇಲೆ ಬರೆದಿದ್ದ. ಆಗಿನ ಮ್ಯಾನೇಜರು ಒಂದೊಂದೇ ಚೀಲ ನೋಡುತ್ತ ಬಂದು, ಇಂಥ ಅಕ್ಷರ ನಿನಗೆ ಯಾರು ಕಲಿಸಿದರು ಎಂದು ಕೇಳಿದ್ದರು. ಕದ್ದ ಮಾಲು ಎಲ್ಲಿಂದ ತಂದೆ ಎಂದು ಕೇಳಿದ ಹಾಗಿತ್ತು ಆ ದನಿ. ಮರುದಿನದಿಂದ ಅವನಿಗೆ ಮೇಜು ಸಿಕ್ಕಿತು. ಅಕ್ಷರವನ್ನು ಮಾತ್ರ ಅಂದಿನಿಂದ ಯಾರೋ ಕೊಟ್ಟ ವಸ್ತುವಿನ ಹಾಗೆ ಹೆದರಿ ಹೆದರಿ ಬಳಸುತ್ತ ಬಂದಿದ್ದ.

ಅವನು ಎಡಗೈಗೆ ಪೆನ್ನು ಕೊಟ್ಟ. ಎಡಗೈ ಬರೆಯುವುದೆಂದರೆ ಕುರುಡ ದನವನ್ನು ಗಾಡಿಗೆ ಹೂಡಿದ ಹಾಗೆ. ಒಂದು ಅಕ್ಷರಕ್ಕೆ ಒಂದು ನಿಮಿಷ. ಹಣಮವ್ವನ ಚೀಟಿಯ ‘ನಾ ಮುಟ್ಟಿದ ಗಿಲಾಸ ತೊಳೆದರೆ ಹೋಗುವುದಿಲ್ಲವೇ’ ಎಂಬಲ್ಲಿಗೆ ಬರುವಾಗ ಹಣೆಯ ಬೆವರು ಕಾಗದಕ್ಕೆ ತೊಟ್ಟಿಕ್ಕಿತು. ಅಷ್ಟು ಉದ್ದ ಬರೆಯಲಾಗದು ಅನ್ನಿಸಿತು. ‘ಎಲ್ಲರಿಗೂ ಒಂದೇ ಥರದ ಕಪ್ಪು ಇರಲಿ’ ಎಂದು ಮುಗಿಸಿದ. ಅರ್ಥ ಅದೇ ಅಲ್ಲವೇ? ಇಸ್ಮಾಯಿಲನದು ‘ಹಬ್ಬಕ್ಕೆ ರಜೆ ಬೇಕು’ ಎಂದಾಯಿತು. ಕೈ ಸೋತದ್ದರಿಂದ ಮಾತು ಸಣ್ಣದಾಗುತ್ತಿದೆ ಎಂದು ಅವನು ತನಗೇ ಹೇಳಿಕೊಂಡ, ಹೇಳಿಕೊಳ್ಳುವಾಗಲೇ ಅದು ಪೂರ್ತಿ ನಿಜವಲ್ಲ ಎಂದೂ ಗೊತ್ತಾಗುತ್ತಿತ್ತು. ಮೂರನೆಯ ಕಾಗದ ತೆಗೆದುಕೊಂಡು ‘ಹೆಣ್ಣುಮಕ್ಕಳ ಪಾಯಖಾನೆಯ ಚಾವಿ’ ಎಂದು ಬರೆಯುವಷ್ಟರಲ್ಲಿ ಹೊರಗೆ ಸ್ಕೂಟರಿನ ಸದ್ದು. ಪೆಟ್ಟಿಗೆ ಮುಚ್ಚಿ ಚೀಟಿಗಳನ್ನೆಲ್ಲ ರಜಿಸ್ಟರಿನ ಕೆಳಗೆ ತಳ್ಳಿದ. ವ್ಯಂಕಟೇಶ ಸಾಹೇಬರು ಟಿಫಿನ್ನು ಹಿಡಿದು ಒಳಗೆ ಬಂದರು.

“ಏನಪಾ ದೇವಪ್ಪ, ಆರ್ಡರ್ ಬರೂಕಿಂತ ಮೊದ್ಲs ಇಷ್ಟು ಜಲ್ದಿ ಬರಾಕತ್ತೀ, ಬಂದ ಮ್ಯಾಲ ಇಲ್ಲೇ ಮಲಗ್ತೀ ಅನ್ನು!” ಎಂದು ನಕ್ಕು ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯನ್ನು ಅವನು ಎಷ್ಟೋ ಸಲ ಹೆಗಲ ಮೇಲೆ ಹೊತ್ತಿದ್ದಾನೆ, ಹೊತ್ತಾಗಲೆಲ್ಲ ಹಗುರವಾಗಿದ್ದಾನೆ. ಇವತ್ತು ಅದು ಬೆಚ್ಚಗೆ, ತೇವವಾಗಿ, ಅಂಗಿಯ ಮೂಲಕ ಇಳಿಯಿತು. ಎಷ್ಟು ಹೊತ್ತು ಇಡುತ್ತಾರೆ ಎಂದು ಅವನು ಲೆಕ್ಕ ಹಾಕುತ್ತಿರುವುದು ಅವನಿಗೇ ತಡವಾಗಿ ತಿಳಿಯಿತು. “ಪೆಟ್ಟಿಗ್ಯಾಗ ಏನೇನ್ ಬಿದ್ದಾವು?” “ತಗದಿಲ್ರಿ.” “ತಗೀಲಿಲ್ಲಂದ್ರೂ ನಿನಗ ಗೊತ್ತಿರ್ತದ ಬಿಡು. ಈ ಕಾರ್ಖಾನಿ ಮಂದಿ ರಜಾ ಅರ್ಜಿ ಬರ್ಯಾದೂ ನಿನ್ನ ಕೈಲೇ ಅಲ್ಲೇನು?” ಸಾಹೇಬರು ನಗುತ್ತಲೇ ತಮ್ಮ ಕೋಣೆಗೆ ಹೋದರು. ಕೋಣೆಯೆಂದರೆ ಪ್ಲೈವುಡ್ಡಿನ ಒಂದು ಆಳೆತ್ತರದ ಅಡ್ಡಗೋಡೆ ಅಷ್ಟೇ. ಆಚೆ ಖಾನೆ ತೆಗೆದದ್ದು, ಚಾವಿ ಗೊಂಚಲು ಒಳಗೆ ಬಿದ್ದದ್ದು, ಕುರ್ಚಿ ಕಿರುಗುಟ್ಟಿದ್ದು ಎಲ್ಲ ಕೇಳಿಸಿತು. ಅವರಿಗೆ ಗೊತ್ತಾಗಿದೆಯೇ? ಗೊತ್ತಾಗಿದ್ದರೆ ನಗುತ್ತಿದ್ದರೇ? ಅನುಜಾಗೆ ಅಕ್ಷರದ ಮಾತು ಹೇಳಿಕೊಟ್ಟವರೇ ಇವರಿರಬಹುದೇ? ಹಾಗಾದರೆ ಚಾವಿ ಕೊಡಿಸಿದವರೂ ಇವರೇ. ಸೋಮವಾರದ ಕಾಗದ ಇದೇ ಖಾನೆಯಲ್ಲಿದೆ, ಪೀರಬಿ ಕೇಳಲು ಹೋಗುವ ಚಾವಿಯೂ ಇದೇ ಖಾನೆಯಲ್ಲಿದೆ. ಅವನ ಎಡಗೈ ಮತ್ತೆ ಪೆನ್ನು ಹಿಡಿಯಿತು. ‘ಚಾವಿ’ಯ ಮುಂದೆ ‘ಕೈ’ ಎಂದು ಬರಬೇಕಿತ್ತು. ಪೆನ್ನು ಆ ಜಾಗದಲ್ಲಿ ನಿಂತು ಒಂದು ಶಾಯಿಯ ಚುಕ್ಕೆ ಇಟ್ಟಿತು. ಆಮೇಲೆ ಚುಕ್ಕೆಯ ಪಕ್ಕದಲ್ಲಿ, ಸೊಟ್ಟ ಸೊಟ್ಟಗೆ, ‘ಇಡಲು ಬೇರೆ ಜಾಗ ಮಾಡಬೇಕು’ ಎಂದು ಬರೆಯಿತು. ಅವಳು ಬಂದು ಅವರ ಹತ್ತಿರ ಕೇಳುವುದೇ ತಪ್ಪಿದರೆ ಕೈ ಹಿಡಿಯುವುದೂ ತಪ್ಪುತ್ತದಲ್ಲ, ಬೇಕಾದದ್ದು ಅದೇ ಅಲ್ಲವೇ ಎಂದು ಮನಸ್ಸು ವಾದ ಹೂಡಿತು. ವಾದ ಅಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಅದರ ಮೇಲೂ ನಂಬಿಕೆ ಬರಲಿಲ್ಲ. ಹೊಸ ಚೀಟಿಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ. ಹಳೆಯ ಮೂರನ್ನು ಹರಿದು ಹಿತ್ತಲಿಗೆ ಹೋಗಿ, ಹೊಟ್ಟಿನ ರಾಶಿಯೊಳಗೆ ಮೊಣಕೈವರೆಗೆ ತೋಳು ತೂರಿಸಿ ಬಿಟ್ಟು ಬಂದ. ಕೈ ತೊಳೆದರೂ ಮಧ್ಯಾಹ್ನದವರೆಗೆ ತುರಿಕೆ ನಿಲ್ಲಲಿಲ್ಲ.

ಹನ್ನೊಂದಕ್ಕೆ ಬೇಳೆ ಹರವುವ ಶೆಡ್ಡಿನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ದುಂಡಗೆ ಕೂತರೆ ಮೇಲು ಕೆಳಗು ಇರುವುದಿಲ್ಲ ಎಂಬುದು ಅನುಜಾಳ ಲೆಕ್ಕ. ಆದರೆ ಫ್ಯಾನಿನ ಕೆಳಗೆ ಒಂದು ಜಾಗ ಇದ್ದೇ ಇತ್ತು, ಅಲ್ಲಿ ವ್ಯಂಕಟೇಶ ಸಾಹೇಬರು ಕೂತರು, ದುಂಡು ಅಲ್ಲಿಂದಲೇ ಶುರುವಾಯಿತು. ಬೇಳೆ ಆರಿಸುವ ಹೆಂಗಸರು ನೆಲದ ಮೇಲೆ ಕೂರಹೋದಾಗ ಅನುಜಾ ತಾನೇ ಹೋಗಿ ಒಬ್ಬೊಬ್ಬರನ್ನೇ ಕುರ್ಚಿಗೆ ಕೂರಿಸಿದಳು. ಅವರು ಅಂಚಿಗೆ ಅಂಟಿ ಕೂತರು, ಹೇಳಿದರೆ ಏಳಲು ತಯಾರಾಗಿ. ಪೀರಬಿ ಎದುರಿಗೇ ಇದ್ದಳು. ಅವಳು ಇವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಾಳೆ ಎಂಬುದನ್ನು ದೇವೀಂದ್ರಪ್ಪ ಪೆಟ್ಟಿಗೆಯ ಬೀಗ ತೆಗೆಯುವಾಗ ನೋಡಿದ, ನೋಡಬಾರದಿತ್ತು.

“ನಮ್ಮ ಸಂಸ್ಥೆ ಇವತ್ತು ಒಂದು ಹೆಜ್ಜೆ ಮುಂದೆ ಹೋಗ್ತಿದೆ” ಎಂದು ಅನುಜಾ ಚೀಟಿಗಳನ್ನು ಬಿಚ್ಚಿದಳು. ಸೊಟ್ಟ ಅಕ್ಷರಗಳನ್ನು ಕಂಡು ಆಕೆಯ ಕಣ್ಣುಗಳು ತುಂಬಿ ಬಂದವು; ಅಥವಾ ಹಾಗೆ ಕಂಡವು. “ಎಷ್ಟು ಕಷ್ಟಪಟ್ಟು ಬರೆದಿದ್ದೀರ! ಬರೆಯೋಕೆ ಬರದೇ ಇರೋರೂ ಬರೆದಿದ್ದೀರ. ಇದೇ ನನಗೆ ಬೇಕಾಗಿದ್ದು.” ದೇವೀಂದ್ರಪ್ಪ ತನ್ನ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿದ. ಹಬ್ಬಕ್ಕೆ ರಜೆ, ಸರಿ, ಎಲ್ಲರೂ ಮೊದಲೇ ತಿಳಿಸಿ ತೆಗೆದುಕೊಳ್ಳಿ. ಇಸ್ಮಾಯಿಲ ಏನೂ ತಿಳಿಯದವನಂತೆ ದೇವೀಂದ್ರಪ್ಪನ ಕಡೆ ಹುಬ್ಬೆತ್ತಿದ. ಎಲ್ಲರಿಗೂ ಒಂದೇ ಥರದ ಕಪ್ಪು, ತುಂಬಾ ಒಳ್ಳೆಯ ಮಾತು, ಸೋಮವಾರದಿಂದ ಗಾಜಿನ ಗ್ಲಾಸು ಬೇಡ, ಎಲ್ಲರಿಗೂ ಕಾಗದದ ಕಪ್ಪೇ, ಆರೋಗ್ಯಕ್ಕೂ ಒಳ್ಳೆಯದು. ಚಪ್ಪಾಳೆ ಬಿತ್ತು. “ಅರವತ್ತು ಮಂದಿ, ದಿನಾ ಎರಡು ಸಲ” ಎಂದು ಹಣಮವ್ವ ಪಕ್ಕದವಳಿಗೆ ಪಿಸುಗುಟ್ಟಿದ್ದು ಕೇಳಿಸಿತು, “ಗುಡಸ್ಬೇಕಾದಾಕಿ ನಾನs ಅಲ್ಲೇನು?” ಆಮೇಲೆ ಚಾವಿಯ ಚೀಟಿ. ಅನುಜಾ ಅದನ್ನು ಓದಿದಳು. ಚೀಟಿಯನ್ನು ಬೆಳಕಿಗೆ ಹಿಡಿದಳು. ಆ ಶಾಯಿಯ ಚುಕ್ಕೆಯನ್ನೇ ನೋಡುತ್ತಿದ್ದಾಳೆ ಎಂದು ದೇವೀಂದ್ರಪ್ಪನಿಗೆ ಖಾತ್ರಿಯಾಯಿತು. ಕೇಳು, ಎಂದು ಅವನೊಳಗೆ ಯಾರೋ ಅಂದರು, ಯಾಕೆ ಬೇರೆ ಜಾಗ ಬೇಕು ಎಂದು ಒಂದು ಮಾತು ಕೇಳು. ಆಕೆ ನಕ್ಕಳು. “ಇಷ್ಟು ಸಣ್ಣ ವಿಷಯಕ್ಕೂ ನೀವು ಸಂಕೋಚ ಪಟ್ಟಿದ್ದೀರಲ್ಲ! ವ್ಯಂಕಟೇಶ್, ಚಾವಿನ ಗೋಡೆ ಮೇಲೆ ಒಂದು ಮೊಳೆ ಹೊಡೆದು ಹಾಕಿಬಿಡೋಣ, ಆಗಬಹುದಾ?” “ಅಯ್ಯೋ, ನಾನs ಹೇಳ್ಬೇಕಂತಿದ್ದೆ” ಎಂದರು ಸಾಹೇಬರು, “ನನಗೂ ಅದೊಂದು ತ್ರಾಸು ಆಗಿತ್ತು.” “ನೋಡಿ, ಬದಲಾವಣೆ ಅಂದ್ರೆ ಇದು. ವ್ಯಂಕಟೇಶ್ ಅವರಿಗೆ ಒಂದು ಚಪ್ಪಾಳೆ.” ಎಲ್ಲರೂ ತಟ್ಟಿದರು. ಪೀರಬಿಯೂ ಎರಡು ಸಲ ತಟ್ಟಿದಳು. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮುಂದಿನ ಚೀಟಿಗಾಗಿ ಕಾಯುವವಳಂತೆ ಅನುಜಾಳ ಖಾಲಿ ಬೆರಳುಗಳನ್ನೇ ನೋಡುತ್ತ ಕೂತಳು.

ಊಟದ ಹೊತ್ತಿಗೆ ಮೊಳೆ ಹೊಡೆದಾಗಿತ್ತು, ಅದಕ್ಕೆ ಚಾವಿಯೂ ಬಿದ್ದಿತ್ತು. ಅದನ್ನು ನೋಡಿದರೆ ತನಗೆ ಸಮಾಧಾನವಾಗಬೇಕು ಎಂದು ದೇವೀಂದ್ರಪ್ಪ ಎರಡು ಸಲ ಎದ್ದು ಹೋಗಿ ನೋಡಿದ. ಇಬ್ಬರು ಹೆಂಗಸರು ಯಾರನ್ನೂ ಕೇಳದೆ ಚಾವಿ ತೆಗೆದುಕೊಂಡು ಹೋದರು. ಆಯಿತಲ್ಲ? ಆಯಿತು. ಡಬ್ಬಿ ಬಿಚ್ಚಿ ಕೂತವನ ಮುಂದೆ ನೆರಳು ಬಿತ್ತು.

“ಅಣ್ಣಾ, ನಂದು ಓದ್ಲಿಲ್ಲಲ್ಲ” ಎಂದಳು ಪೀರಬಿ.

“ಓದಿದ್ರಲ್ಲವಾ. ಚಾವೀದು.”

“ಚಾವೀದು ನಂದಲ್ಲ. ನಂದು ಕೈದು.”

ಅಡ್ಡಗೋಡೆಯ ಆಚೆ ಸಾಹೇಬರು ಊಟಕ್ಕೆ ಕೂತಿದ್ದರು. ಚಮಚೆ ಡಬ್ಬಿಗೆ ತಾಕುವ ಸದ್ದು. ದೇವೀಂದ್ರಪ್ಪ ದನಿ ತಗ್ಗಿಸಿ, “ಅಂಥಾವು ಎಲ್ಲಾರ ಮುಂದ ಓದಂಗಿಲ್ಲ. ಮೇಡಂ ಅವರು ಒಳಗ ಇಟ್ಕೊಂಡಿರ್ಬೇಕು. ಅವರ ಮನಸ್ಸಿನ್ಯಾಗ ಏನದ ಯಾರಿಗೊತ್ತು” ಎಂದ. ಹೇಳಿ ಮುಗಿಸುವಷ್ಟರಲ್ಲಿ, ತಾನು ಎರಡು ದಿನದಿಂದ ಹೊತ್ತು ತಿರುಗಿದ ಅನುಮಾನವನ್ನು ಎಷ್ಟು ಸಲೀಸಾಗಿ ಇವಳ ಕೈಗೆ ದಾಟಿಸಿದೆನೆಂದು ಅವನಿಗೇ ಆಶ್ಚರ್ಯವಾಯಿತು. ಪೀರಬಿ ಆ ಮಾತನ್ನು ಕೇಳಿಸಿಕೊಂಡಳು.

“ಹಂಗಾದ್ರ ಇನ್ನೊಂದು ಬರೀರಿ. ಪೆಟ್ಟಿಗಿ ಬ್ಯಾಡ. ನಾನs ಕೈಯಾಗ ಕೊಡ್ತೇನಿ. ಅವರ ಹೆಸರು ಹಾಕ್ರಿ. ನಂದೂ ಹಾಕ್ರಿ.”

“ನೌಕರಿ ಮಾತು ಪೀರಬಿ. ಅಮೀರನ ಕತಿ ಗೊತ್ತದಲ್ಲ?”

“ಅಂದೋಲಾದಾಗೂ ಬ್ಯಾಳಿ ಇರ್ತದ. ಬರೀರಿ.”

ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಕಾಗದ ತೆಗೆದು ಪೆನ್ನು ಹಿಡಿದ. ಬಲಗೈಯಲ್ಲಿ. ಅವಳು ಹೇಳಿದಳು, ಅವನು ಬರೆದ. ಈಗ ಮಾತು ಉದ್ದವಾಗುವ ಭಯವಿರಲಿಲ್ಲ, ಅಕ್ಷರಗಳು ತಾವಾಗಿ ದುಂಡಗೆ ಬಂದವು. ಕೊನೆಗೆ ಅವಳು, “ಕೆಳಗ ನಿಮ್ಮ ಹೆಸರೂ ಇರ್ಲಿ. ನಮ್ಮಪ್ಪನ ಹೊಲದ ಕಾಗದದಾಗ ಬರದಂವ ತನ್ನ ಹೆಸರು ಹಾಕಿದ್ದ. ಬಿಕ್ಕಲಂ ಅಂತ ಹಾಕ್ತಿದ್ರಂತ, ನಾ ಬರದೇನಿ ಅನ್ನೂದಕ್ಕ” ಎಂದಳು. ಅವನು ಪೆನ್ನು ಎತ್ತಿದ. ಸೋಮವಾರ, ಖಾನೆಯೊಳಗಿನ ಕಾಗದ, ಓಣಿಯಲ್ಲಿ ರಮಾಬಾಯಿ ಹೇಳಿಬಿಟ್ಟ ಸುದ್ದಿ, ಎಲ್ಲವೂ ಪೆನ್ನಿನ ತುದಿಯಲ್ಲಿ ಬಂದು ಕೂತವು. ಕೆಳಗೆ ಅವನು ಮೂರು ಸಾಲು ಬರೆದ. ಒಂದು ಹೆಸರಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಪೀರಬಿ ಪೆನ್ನನ್ನೇ ನೋಡುತ್ತಿದ್ದಳು.

“ಓದ್ರಿ” ಎಂದಳು.

ಇಪ್ಪತ್ತೆರಡು ವರ್ಷಗಳಲ್ಲಿ ನೂರಾರು ಜನಕ್ಕೆ ಅರ್ಜಿ, ಕಾಗದ, ಚೀಟಿ ಬರೆದುಕೊಟ್ಟಿದ್ದ. ಬರೆದದ್ದನ್ನು ಓದಿ ತೋರಿಸು ಎಂದು ಇದುವರೆಗೆ ಒಬ್ಬರೂ ಕೇಳಿರಲಿಲ್ಲ.

“ಬೇಳೆ ಆರಿಸುವ ಪೀರಬಿ ಹೇಳುವುದೇನೆಂದರೆ” ಎಂದು ಬಾಯಿಯೊಳಗೇ ಶುರು ಮಾಡಿದ.

“ಕೇಳ್ಸವಲ್ದು. ಜೋರಾಗಿ ಓದ್ರಿ.”

ಅವನು ಗಂಟಲು ಸರಿಪಡಿಸಿಕೊಂಡ. “ಬೇಳೆ ಆರಿಸುವ ಪೀರಬಿ ಹೇಳುವುದೇನೆಂದರೆ, ಪಾಯಖಾನೆಯ ಚಾವಿ ಕೇಳಲು ಹೋದಾಗ ವ್ಯಂಕಟೇಶ ಸಾಹೇಬರು ನನ್ನ ಕೈ ಹಿಡಿಯುತ್ತಾರೆ.” ಆಚೆ ಚಮಚೆಯ ಸದ್ದು ನಿಂತಿತು. “ಬಿಡುವುದಿಲ್ಲ. ನಗುತ್ತಾರೆ. ಇದು ಒಂದು ಸಲದ ಮಾತಲ್ಲ. ಗೋಡೆಗೆ ಮೊಳೆ ಹೊಡೆದರೆ ಇದು ಮುಗಿಯುವುದಿಲ್ಲ.” ಕುರ್ಚಿ ಕಿರುಗುಟ್ಟಿತು. ಅವನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರು ಮಾಡಲಾಗದೆಂದು ಗೊತ್ತಿತ್ತು. “ಪೀರಬಿ ಇದನ್ನು ಬುಧವಾರವೇ ಹೇಳಿದ್ದಳು, ನಾನೇ ಬರೆದುಕೊಟ್ಟಿದ್ದೆ. ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆಗೆದು ಅವಳ ಚೀಟಿ ಹರಿದು ಹಾಕಿ, ಬೇರೆ ಮಾತು ಬರೆದು ಇಟ್ಟವನು ನಾನು. ಹಣಮವ್ವನದೂ ಇಸ್ಮಾಯಿಲನದೂ ಹಾಗೆಯೇ ಬದಲಿಸಿದ್ದೇನೆ, ಅವರನ್ನು ಕೇಳಿ ತಿಳಿಯುವುದು. ಬಿಕ್ಕಲಂ, ದೇವೀಂದ್ರಪ್ಪ.”

“ಕಡೀದು ನಾ ಹೇಳಿಲ್ಲ” ಎಂದಳು ಪೀರಬಿ.

“ಇಲ್ಲ. ಅದು ನಂದು.”

ಅಡ್ಡಗೋಡೆಯ ಬಾಗಿಲಲ್ಲಿ ಸಾಹೇಬರು ಎಂಜಲು ಕೈಯಲ್ಲಿ ನಿಂತಿದ್ದರು. ಪೀರಬಿ ಆ ಕಡೆ ನೋಡಲಿಲ್ಲ. ಕಾಗದಕ್ಕಾಗಿ ಕೈ ಚಾಚಿದಳು. ದೇವೀಂದ್ರಪ್ಪ ಕೊಡಲು ಹೋದಾಗ, ಅವನ ಬೆರಳಿಗೆ ತನ್ನ ಬೆರಳು ತಾಕದ ಹಾಗೆ, ತುದಿಯ ಮೂಲೆ ಹಿಡಿದು ಎಳೆದುಕೊಂಡಳು.